ಬಚ್ಚಲು ನೋಡಿ ಮನೆ ಕೊಡುವ ರಾಮಮ್ಮ

ವರ್ಷಾನುಗಟ್ಟಲೆ ಮನೆಗಳನ್ನು ಬಾಡಿಗೆಗೆ ಕೊಡುತ್ತ ಬಂದ ರಾಮಮ್ಮ ಅರವತ್ತು ದಾಟಿದ ಮೇಲೆ ತಾನೇ ಬಾಡಿಗೆ ಮನೆ ಹುಡುಕಲು ಹೊರಟಳು. ಮಂಡಿ ಸವೆದಿತ್ತು. ಆಪರೇಷನ್ ಬೇಡವೆಂದರೆ ದಿನವೂ ಎದೆಮಟ್ಟದ ನೀರಿನಲ್ಲಿ ನಡೆಯಬೇಕು ಎಂದಿದ್ದರು ಡಾಕ್ಟರು. ಬ್ರೂಕ್‌ಫೀಲ್ಡಿನಲ್ಲಿ ಈಜುಕೊಳಗಳಿಗೆ ಬರವಿಲ್ಲ; ಆದರೆ ಎಲ್ಲವೂ ಅಪಾರ್ಟ್‌ಮೆಂಟುಗಳ ಗೇಟಿನೊಳಗೆ, ಅಲ್ಲಿ ವಾಸವಿರುವವರಿಗೆ ಮಾತ್ರ. ಹಾಗಿದ್ದರೆ ವಾಸವಿದ್ದರಾಯಿತು ಎಂದಳು ರಾಮಮ್ಮ.

ಕೆಳಗಿನ ಮನೆಯ ಮೈದುನ ಮುನಿಯಣ್ಣನಿಗೆ ನಗು. "ಇಷ್ಟು ಮನೆ ಇಟ್ಕೊಂಡು, ನೀರಾಟ ಆಡಾಕೆ ಬಾಡಿಗೆಗೆ ಓಯ್ತೀಯಾ ಅತ್ತಿಗೆ?"

"ನಿನ್ನ ಮಂಡಿ ಕೊಡು, ಇಲ್ಲೇ ಇರ್ತೀನಿ."

ಎರಡು ಬೀದಿ ಆಚೆ, ಕೊಳವಿದ್ದ ಅಪಾರ್ಟ್‌ಮೆಂಟಿನಲ್ಲಿ ಒಂದೇ ಒಂದು ಫ್ಲ್ಯಾಟ್ ಖಾಲಿಯಿತ್ತು. ಯಜಮಾನಿ ದಿವ್ಯಾ ಆಫೀಸಿಗೆ ಹೋಗುವ ಹುಡುಗಿ. ರಾಮಮ್ಮ ಕುರ್ಚಿ ಎಳೆದುಕೊಂಡು ಕೂತವಳೇ ಅಭ್ಯಾಸಬಲದಿಂದ ವಿಚಾರಣೆ ಶುರುಮಾಡಿದಳು: ಮನೆಯಲ್ಲಿ ಎಷ್ಟು ಜನ, ನೆಂಟರು ಜಾಸ್ತಿ ಬರುತ್ತಾರಾ, ನೀರು ಹೇಗೆ ಬಳಸುತ್ತೀರಿ. ಮೂರಕ್ಕೂ ಉತ್ತರ ಕೊಟ್ಟ ಮೇಲೆ ದಿವ್ಯಾಳಿಗೆ ಮನೆ ತನ್ನದೆಂಬುದು ನೆನಪಾಯಿತು. ಜೊತೆಗೆ ಯಾರಿರುತ್ತಾರೆ ಎಂದು ಕೇಳಿದಳು. ಗಂಡ ಆವಲಪ್ಪ ತೀರಿಹೋಗಿದ್ದಾನೆ, ನಾನೊಬ್ಬಳೇ ಎಂದಳು ರಾಮಮ್ಮ.

"ಸಾರಿ ಆಂಟಿ. ನಾವು ಫ್ಯಾಮಿಲಿಗೆ ಮಾತ್ರ ಕೊಡೋದು."

ಈ ಮಾತನ್ನು ರಾಮಮ್ಮ ಎಷ್ಟು ಜನರಿಗೆ ಹೇಳಿದ್ದಳೋ. ಅವಳ ಗೇಟಿನ ಮೇಲೂ ಅದೇ ಬರೆದಿತ್ತು. ಆದರೂ ಎದ್ದು ಹೋಗಲಿಲ್ಲ. ಈ ಮನೆ ತಪ್ಪಿದರೆ ಆಪರೇಷನ್ನೇ ಗತಿ.

"ನೋಡಮ್ಮ, ನಾನೂ ಅದನ್ನೇ ಹೇಳೋಳು. ಆದ್ರೆ ಯಾರಿಗೇ ಮನೆ ಕೊಡೋ ಮುಂಚೆ, ಅವರು ಈಗಿರೋ ಮನೆಗೆ ಹೇಳ್ದೆ ಕೇಳ್ದೆ ಹೋಗಿ ಬಚ್ಚಲು ನೋಡ್ಕೊಂಡು ಬರ್ತೀನಿ. ಮುಂದಿನ ಹಾಲ್ ಯಾರಾದ್ರೂ ಗುಡಿಸಿಡ್ತಾರೆ. ನೀನೂ ನಮ್ಮನೆ ಬಚ್ಚಲು ನೋಡು. ಈಗ್ಲೇ ನಡಿ."

ದಿವ್ಯಾ ತಮಾಷೆಗೆಂದೇ ಹೋದಳು. ಹುಣಸೆಹಣ್ಣು ಹಾಕಿ ಉಜ್ಜಿದ ಹಂಡೆ, ಒಣಗಿದ ನೆಲ. ಬೋರ್‌ವೆಲ್ ನೀರಿನ ಬಿಳಿಯ ಉಪ್ಪು ನಲ್ಲಿಯ ಬುಡದಲ್ಲೂ ಇರಲಿಲ್ಲ. ಅವಳು ಆ ನಲ್ಲಿಯನ್ನೇ ನೋಡುತ್ತ ನಿಂತಳು. ತನ್ನ ಫ್ಲ್ಯಾಟಿನಲ್ಲಿ ಹಿಂದೆ ಇದ್ದದ್ದು ತುಂಬಿದ ಸಂಸಾರ. ಅವರು ಕಸ ಕಟ್ಟಿಕೊಂಡ ಮೋರಿಯನ್ನೂ ಕರೆಗಟ್ಟಿದ ಗೋಡೆಯನ್ನೂ ಬಿಟ್ಟು ಹೋಗಿದ್ದರು.

"ಯಾವಾಗ ಬರ್ತೀರಾ ಆಂಟಿ?"

ಕೊಳಕ್ಕೆ ಸೀರೆಯಲ್ಲಿ ಇಳಿಯುವಂತಿಲ್ಲ ಎಂದರು ಅಪಾರ್ಟ್‌ಮೆಂಟಿನವರು. ರಾಮಮ್ಮ ಮೈತುಂಬ ಮುಚ್ಚುವ ಈಜಿನ ಉಡುಪು ಕೊಂಡಳು, ಕಂಬಿ ಹಿಡಿದು ನೀರಿನಲ್ಲಿ ನಡೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ಬಾಡಿಗೆ ವಸೂಲಿಗೆ ತನ್ನ ಮೂರು ಮಹಡಿಯನ್ನು ನಡುವೆ ಎಲ್ಲೂ ಕೂರದೆ ಹತ್ತುತ್ತಿದ್ದಳು. ಮುನಿಯಣ್ಣ ನೋಡಿಯೂ ನೋಡದವನಂತೆ ಪೇಪರ್ ಓದುತ್ತಿದ್ದ.

ಅಂಥ ಒಂದು ದಿನ, ಮನೆ ಹುಡುಕುತ್ತ ಬಂದ ಕಲಬುರಗಿ ಕಡೆಯ ನರ್ಸ್ ಮಹಾನಂದಾ ಗೇಟಿನ ಮೇಲಿನ 'ಫ್ಯಾಮಿಲಿಗೆ ಮಾತ್ರ' ಓದಿ ವಾಪಸು ತಿರುಗಿದ್ದನ್ನು ರಾಮಮ್ಮ ಮೇಲಿನಿಂದ ಕಂಡಳು.

"ಏ ತಾಯಿ, ನಿಂತ್ಕೋ. ಒಬ್ಳೇನಾ? ಈಗೆಲ್ಲಿದ್ದೀಯ?"

ಹುಡುಗಿ ಹತ್ತಿರದ ಪಿ.ಜಿ.ಯೊಂದರ ಹೆಸರು ಹೇಳಿದಳು. ರಾಮಮ್ಮ ಮೆಟ್ಟಿಲಿಳಿದು ಬಂದು ಚಪ್ಪಲಿ ಮೆಟ್ಟಿದಳು.

"ನಡಿ, ಬಚ್ಚಲು ನೋಡ್ಕೊಂಡು ಬರೋಣ."