ಅತ್ತೆ ತುಳು ಮಾತಾಡಿದ ಸೋಮವಾರ

ಅತ್ತೆ ನನ್ನ ಹತ್ತಿರ ತುಳುವಿನಲ್ಲಿ ಮಾತಾಡಿದ್ದು ಒಂದು ಸೋಮವಾರ ಬೆಳಿಗ್ಗೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಇದರಲ್ಲೇನು ವಿಶೇಷ ಎಂದು ಹೇಳಬೇಕು. ನನ್ನ ತವರು ಬೆಟ್ಟಂಪಾಡಿ, ಅಲ್ಲಿ ಮನೆಮಾತು ತುಳು. ನನ್ನನ್ನು ಕೊಟ್ಟದ್ದು ಸಂಪಾಜೆಗೆ, ಅರೆಭಾಷೆ ಎಂಬ ಈ ಕಡೆಯ ಕನ್ನಡ ಆಡುವ ಮನೆಗೆ. ಅತ್ತೆ ಮಡಿಕೇರಿ ರಸ್ತೆಯ ಬದಿಯಲ್ಲಿ ವರ್ಷಗಟ್ಟಲೆ ಚಾ ಹೋಟೆಲು ನಡೆಸಿದವರು. ಘಟ್ಟ ಹತ್ತುವ ಲಾರಿಯವರ ಹತ್ತಿರ ಮಲಯಾಳ, ಕೆಲಸದವರ ಹತ್ತಿರ ತುಳು, ಮೀನಿನವನ ಹತ್ತಿರ ಬ್ಯಾರಿ, ಶಾಲೆಯ ಮಾಷ್ಟ್ರು ಬಂದರೆ ಪುಸ್ತಕದ ಕನ್ನಡ. ಎಲ್ಲವೂ ಅವರಿಗೆ ನೀರು ಕುಡಿದಷ್ಟು ಸಲೀಸು. ನನ್ನ ಹತ್ತಿರ ಮಾತ್ರ ಅರೆಭಾಷೆ. ಮದುವೆಯಾದ ವಾರದಲ್ಲಿ ನಾನು ತುಳುವಿನಲ್ಲಿ ಏನೋ ಕೇಳಿದ್ದೆ. ಕೇಳಿಸದ ಹಾಗೆ ಕೂತಿದ್ದರು. ಎರಡನೇ ಸಲ ಕೇಳಿದ್ದಕ್ಕೆ, ಮನೆಗೆ ಬಂದವಳು ಮನೆಮಾತು ಕಲೀಬೇಕು ಎಂದರು. ಕಲಿತೆ. ಆದರೆ ಆ ಮಾತು ಒಳಗೆ ಚುಚ್ಚಿಕೊಂಡೇ ಇತ್ತು.

ಎರಡು ವರ್ಷದ ಹಿಂದೆ ಅತ್ತೆಗೆ ಸಣ್ಣ ಸ್ಟ್ರೋಕ್ ಆಗಿತ್ತು. ಆಗ ಎಂಬತ್ತೆರಡು. ಬಲಗಾಲು ಎಳೆಯುತ್ತಿದ್ದರು. ನಾಲಿಗೆ ಮಾತ್ರ ಎಳೆಯಲಿಲ್ಲ. ಚಾ ಬಿಸಿ ಇಲ್ಲ, ಗೇಟು ಹಾಕಿಲ್ಲ, ನಿನ್ನ ಮೆಷಿನ್ ಸದ್ದಿಗೆ ತಲೆ ನೋವು. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಹತ್ತು ನಿಮಿಷಕ್ಕೊಮ್ಮೆ ಅವರ ಕೂಗಿಗೆ ಪೆಡಲಿನಿಂದ ಕಾಲು ತೆಗೆದು ಏಳಬೇಕಿತ್ತು.

ಅಂಥ ಅತ್ತೆ ಆ ಸೋಮವಾರ ನನ್ನನ್ನು ನೋಡಿ ನಕ್ಕರು.

"ಬಲೆ, ಕುಲ್ಲುಲೆ. ಚಾ ಪರ್ಪರಾ?"

ಬನ್ನಿ, ಕೂತುಕೊಳ್ಳಿ, ಚಾ ಕುಡಿಯುತ್ತೀರಾ ಎಂದು. ನನ್ನ ಅಮ್ಮ ಮನೆಗೆ ಬಂದವರಿಗೆ ಹೇಳುತ್ತಿದ್ದ ಹಾಗೆಯೇ. ನಾನು ಕೂತೆ. ಬೆಟ್ಟಂಪಾಡಿಯವಳು ಎಂದೆ. ದೂರದಿಂದ ಬಂದಿದ್ದೀರಿ, ಬಿಸಿ ಬಿಸಿ ಗೋಳಿಬಜೆ ಉಂಟು ಎಂದರು. ನನ್ನ ಕೈ ಹಿಡಿದುಕೊಂಡರು. ಕಡೆಗಾದರೂ ಈ ಹೆಂಗಸಿಗೆ ನನ್ನ ಮೇಲೆ ಪ್ರೀತಿ ಹುಟ್ಟಿತಲ್ಲ ಎಂದುಕೊಂಡೆ. ಆಮೇಲೆ ನಗು ಬಂತು. ಮೊಬೈಲು ತೆಗೆದು ವಿಡಿಯೋ ಮಾಡಿದೆ. "ಅತ್ತೆಯ ಹೋಟೆಲು ಮತ್ತೆ ಓಪನ್" ಎಂದು ಬರೆದು ಮನೆಯವರ ಗ್ರೂಪಿಗೆ ಹಾಕಿದೆ. ಕಡಬದಲ್ಲಿರುವ ನಾದಿನಿ ಪುಷ್ಪ ಸಾಲಾಗಿ ನಗುವ ಮುಖಗಳನ್ನು ಕಳಿಸಿದಳು. "ನಂಗೂ ಒಂದು ಚಾ ಇಡ್ಲಿಕ್ಕೆ ಹೇಳಿ ಅತ್ತಿಗೆ" ಎಂದು ಬರೆದಿದ್ದಳು.

ಮಂಗಳವಾರ ನನ್ನ ಗಂಡನನ್ನು ಲಾರಿ ಡ್ರೈವರ್ ಎಂದುಕೊಂಡರು. "ವಂಡಿ ಎವಿಡೆ?" ಎಂದು ಮಲಯಾಳದಲ್ಲಿ ಲಾರಿ ಎಲ್ಲಿ ಎಂದು ಕೇಳಿದರು. ಇವರು, "ಘಾಟಿಲಿ ಪಂಚರ್ ಆಗಿದೆ ಅಮ್ಮ" ಎಂದು ಮಾತಿಗೆ ಮಾತು ಸೇರಿಸಿದರು. ಮತ್ತೂ ನಕ್ಕೆವು. ವಯಸ್ಸಾಯಿತು, ಹಳೇದೆಲ್ಲ ನೆನಪಾಗುತ್ತದೆ ಎಂದು ಇಬ್ಬರೂ ಒಪ್ಪಿಕೊಂಡೆವು. ಒಂದೇ ದಿನದಲ್ಲಿ ನಾಲ್ಕು ಭಾಷೆ ಆಡುವುದು ನಮ್ಮೂರಲ್ಲಿ ಯಾರಿಗೂ ಕಾಯಿಲೆಯಾಗಿ ಕಾಣುವುದಿಲ್ಲ.

ಆ ಮಧ್ಯಾಹ್ನದಿಂದ ಅತ್ತೆ ಮಲಗಿದರು. ಕೂಗಲಿಲ್ಲ. ಗೇಟು ಕೇಳಲಿಲ್ಲ. ನಾನು ಅಡ್ಡಿಯಿಲ್ಲದೆ ನಾಲ್ಕು ರವಿಕೆ ಹೊಲಿದೆ, ನಡುವೆ ಒಂದು ಸಣ್ಣ ನಿದ್ದೆಯೂ ಆಯಿತು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಕೆಮ್ಮು ಇರಲಿಲ್ಲ. ಗಂಜಿ ಅರ್ಧ ಬಿಟ್ಟರು. ಸ್ವಲ್ಪ ನೆತ್ತಿಗೆ ಹತ್ತಿತು. ತಲೆ ತಟ್ಟಿ, ಪುಷ್ಪ ನೆನೆಸಿಕೊಂಡಳು ಎಂದೆ. ಸ್ಟ್ರೋಕ್ ಆದಮೇಲೆ ವಾರಕ್ಕೆ ಎರಡು ಮೂರು ಸಲ ಹಾಗೆ ಹತ್ತುತ್ತಿತ್ತು. ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದೆ.

ನಿಜ ಹೇಳುತ್ತೇನೆ. ಆ ಎರಡು ದಿನ ನಾನು ಸುಖವಾಗಿದ್ದೆ.

ಬುಧವಾರ ಬೆಟ್ಟಂಪಾಡಿಯಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶ. ಸ್ಟ್ರೋಕ್ ಆದಮೇಲೆ ತವರಿನ ಯಾವ ಕಾರ್ಯಕ್ಕೂ ನಾನು ಹೋಗಿರಲಿಲ್ಲ. ಈ ಸಲ ಇವರು ಮನೆಯಲ್ಲಿ ನಿಲ್ಲುತ್ತೇನೆ, ನೀನು ಹೋಗು ಎಂದಿದ್ದರು. ಬೆಳಿಗ್ಗೆ ಸೀರೆ ಉಟ್ಟು, ಅತ್ತೆಯ ಹೊದಿಕೆ ಸರಿ ಮಾಡಲು ಬಗ್ಗಿದೆ.

ಆಗ ಕಂಡಿತು.

ಉಸಿರು ಬೇಗ ಬೇಗ ಹೋಗುತ್ತಿತ್ತು. ಮಲಗಿದ್ದವರು ಗುಡ್ಡ ಹತ್ತಿ ಬಂದವರ ಹಾಗೆ ಉಸಿರು ಬಿಡುತ್ತಿದ್ದರು. ಮೂಗಿನ ಹೊಳ್ಳೆ ಅರಳುತ್ತಿತ್ತು. ಕುತ್ತಿಗೆಯ ಬುಡದಲ್ಲಿ ಚರ್ಮ ಒಳಗೆ ಎಳೆಯುತ್ತಿತ್ತು. ಒಂದು ನಿಮಿಷ ನೋಡುತ್ತಾ ನಿಂತೆ. ಕೊರೊನಾ ಕಾಲದಲ್ಲಿ ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಮೆಷಿನ್ ತಂದಿದ್ದೆವು, ಅದು ಮೇಜಿನ ಡ್ರಾಯರಿನಲ್ಲಿತ್ತು. ಸೆಲ್ ಸತ್ತು ಎಷ್ಟೋ ಕಾಲವಾಗಿತ್ತು. ಅಂಗಡಿ ಇರುವುದು ರಸ್ತೆಯ ಆಚೆ ಬದಿಯಲ್ಲಿ. ಹೋಗಿ ತರಬಹುದಿತ್ತು. ಗಂಡನಿಗೆ, ಒಮ್ಮೆ ನೋಡಿ ಎಂದು ಹೇಳಬಹುದಿತ್ತು. ಹೇಳಿದರೆ ಆಸ್ಪತ್ರೆ. ಆಸ್ಪತ್ರೆ ಎಂದರೆ ಗೃಹಪ್ರವೇಶ ಇಲ್ಲ. ಇಷ್ಟು ಲೆಕ್ಕ ನನ್ನ ತಲೆಯಲ್ಲಿ ಆಗಿಹೋಯಿತು. ಗೊತ್ತಾಗದೆ ಹೋದೆ ಎಂದು ಹೇಳಿದರೆ ಅದು ಸುಳ್ಳು. ಸೆಕೆಗೆ ಹೀಗಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಫ್ಯಾನಿನ ವೇಗ ಹೆಚ್ಚು ಮಾಡಿದೆ.

ಹೋದೆ.

ತಂಗಿಯ ಮನೆಯಲ್ಲಿ ಉಂಡೆ. ಎರಡು ಸಲ ಪಾಯಸ ಬಡಿಸಿಕೊಂಡೆ. ಅತ್ತೆಯ ವಿಡಿಯೋವನ್ನು ಅಲ್ಲಿಯೂ ಎಲ್ಲರಿಗೆ ತೋರಿಸಿದೆ. "ನಿನ್ನ ಅತ್ತೆ ತುಳು ಕಲ್ತರಾ ಮಾರಾಯ್ತಿ" ಎಂದು ಅಕ್ಕಂದಿರು ಬಿದ್ದು ಬಿದ್ದು ನಕ್ಕರು.

ಸಂಜೆ ನಾಲ್ಕೂವರೆಗೆ ಮನೆಗೆ ಬಂದೆ. "ಒಳ್ಳೆ ನಿದ್ದೆ, ಮಧ್ಯಾಹ್ನ ಊಟಕ್ಕೂ ಎಬ್ಬಿಸ್ಲಿಲ್ಲ" ಎಂದರು ಇವರು. ಹೋಗಿ ನೋಡಿದರೆ ಅತ್ತೆಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕರೆದೆ. ಅರೆಭಾಷೆಯಲ್ಲಿ ಕರೆದೆ, ತುಳುವಿನಲ್ಲಿ ಕರೆದೆ. ಕಣ್ಣು ತೆರೆಯಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಸುಳ್ಯಕ್ಕೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ಹೊಸ ಸೀರೆಯ ಮಡಿಲಲ್ಲಿತ್ತು.

ಎಮರ್ಜೆನ್ಸಿಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. ಆಕ್ಸಿಜನ್ ಸ್ಯಾಚುರೇಶನ್ ಎಪ್ಪತ್ತೆರಡು, ತೊಂಬತ್ತೈದರ ಹತ್ತಿರ ಇರಬೇಕಿತ್ತಂತೆ. ಮಾಸ್ಕ್, ಡ್ರಿಪ್, ಎಕ್ಸ್-ರೇ. ಡಾಕ್ಟರ್ ಒಬ್ಬರು ಸಣ್ಣ ಪ್ರಾಯದ ಹೆಂಗಸು. ಎಕ್ಸ್-ರೇಯಲ್ಲಿ ಬಲಗಡೆಯ ಕೆಳಭಾಗ ಪೂರ್ತಿ ಬೆಳ್ಳಗೆ ಕಾಣುತ್ತಿತ್ತು. ನ್ಯುಮೋನಿಯಾ ಎಂದರು.

"ಜ್ವರವೇ ಇರ್ಲಿಲ್ಲ ಡಾಕ್ಟ್ರೆ. ಕೆಮ್ಮೂ ಇಲ್ಲ."

"ಪ್ರಾಯದವರಿಗೆ ಹಾಗೇ. ಜ್ವರ ಬರುವಷ್ಟು ಶಕ್ತಿಯೂ ಇರುದಿಲ್ಲ ಕೆಲವು ಸಲ. ನಿದ್ದೆ ಜಾಸ್ತಿ ಆಗುದು, ಊಟ ಬಿಡುದು, ಮಾತು ಅಡ್ಡಾದಿಡ್ಡಿ ಆಗುದು, ಅಷ್ಟೇ ಕಾಣುದು. ಮಾತಿನಲ್ಲಿ ಎಂತಾದ್ರೂ ವ್ಯತ್ಯಾಸ ಉಂಟಾ? ಯಾವಾಗಿನಿಂದ?"

ನಾನು ಮೊಬೈಲು ಕೊಟ್ಟೆ.

ಆ ವಿಡಿಯೋ ನೋಡಿ ನಗದವರು ಅವರೊಬ್ಬರೇ. ಅತ್ತೆಯ ಮುಖವನ್ನು ಅವರು ನೋಡಲೇ ಇಲ್ಲ. ಎದೆಯ ಮೇಲಿನ ಸೀರೆ ಏರಿಳಿಯುವುದನ್ನು ನೋಡುತ್ತಾ ತುಟಿಯಲ್ಲೇ ಎಣಿಸಿದರು. ಇನ್ನೊಮ್ಮೆ ಹಾಕಿ ಗಡಿಯಾರ ನೋಡಿಕೊಂಡು ಎಣಿಸಿದರು.

"ಉಸಿರು ನಿಮಿಷಕ್ಕೆ ಮೂವತ್ತಕ್ಕಿಂತ ಮೇಲೆ ಉಂಟು. ಇಪ್ಪತ್ತರ ಒಳಗೆ ಇರ್ಬೇಕು. ಇದು ಯಾವತ್ತಿನದ್ದು?"

"ಸೋಮವಾರದ್ದು. ನಮ್ಮಲ್ಲಿ ಎಲ್ಲರೂ ನಾಲ್ಕೈದು ಭಾಷೆ ಮಾತಾಡ್ತಾರೆ ಡಾಕ್ಟ್ರೆ, ಹಾಗಾಗಿ ಗೊತ್ತಾಗ್ಲಿಲ್ಲ."

"ನಮ್ಮ ಮನೆಯಲ್ಲಿಯೂ ಹಾಗೇ. ಆದ್ರೆ ಯಾರ ಹತ್ರ ಯಾವ ಭಾಷೆ ಅಂತ ಯಾರಿಗೂ ತಪ್ಪುದಿಲ್ಲ ಅಲ್ಲ?"

ಬೈದದ್ದಲ್ಲ. ಮೆಲ್ಲಗೇ ಹೇಳಿದರು. ಇಪ್ಪತ್ತೊಂಬತ್ತು ವರ್ಷ ಕಾದು ಸಿಕ್ಕಿದ ಪ್ರೀತಿ ಎಂದು ನಾನು ಅಂದುಕೊಂಡದ್ದು ಮಿದುಳಿಗೆ ಆಕ್ಸಿಜನ್ ಸಾಲದೆ ಆದ ಗಲಿಬಿಲಿ. ಅವರು ಕೈ ಹಿಡಿದದ್ದು ಯಾವುದೋ ಗಿರಾಕಿಯ ಕೈಯನ್ನು. ಅದರ ರುಚಿ ಹತ್ತಿ ನಾನು ಎರಡು ದಿನ ಅವರ ಉಸಿರು ನೋಡಲಿಲ್ಲ. ಮೂರನೇ ದಿನ ನೋಡಿಯೂ ಹೋದೆ.

ನೆತ್ತಿಗೆ ಹತ್ತುವ ವಿಷಯವನ್ನೂ ಕೇಳಿದರು. ಸ್ಟ್ರೋಕ್ ಆದವರಿಗೆ ನುಂಗುವ ಶಕ್ತಿ ಕಡಿಮೆಯಾಗುತ್ತದಂತೆ. ಚಾ, ಗಂಜಿ, ಬಾಯಿಯ ಜೊಲ್ಲು, ಎಲ್ಲ ಸ್ವಲ್ಪ ಸ್ವಲ್ಪ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಕೊಳೆಯುತ್ತದಂತೆ. ನೇರ ಕೂರಿಸಿ, ಗಲ್ಲ ಬಗ್ಗಿಸಿ, ಚಮಚದಲ್ಲಿ ಕೊಡಬೇಕಿತ್ತು. ನಾನು ಒರಗಿಸಿ ಲೋಟದಲ್ಲಿ ಕೊಡುತ್ತಿದ್ದೆ. ಬೇಗ ಮುಗಿಯುತ್ತದೆ ಎಂದು.

ಮೊದಲೇ ತಂದಿದ್ದರೆ ಗುಣವಾಗುತ್ತಿತ್ತಾ ಎಂದು ಕೇಳಿದೆ. ಡಾಕ್ಟರ್ ಸುಳ್ಳು ಸಮಾಧಾನ ಹೇಳಲಿಲ್ಲ. "ಚಾನ್ಸ್ ಜಾಸ್ತಿ ಇತ್ತು ಅಂತ ಹೇಳ್ಬಹುದು. ಈ ಪ್ರಾಯದಲ್ಲಿ ಎಷ್ಟು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಕಾಯಿಲೆ ಬಂದ ದಿನವೇ ತಂದರೂ ಹೋಗುವವರು ಇದ್ದಾರೆ."

ಮರುದಿನ ಬೆಳಿಗ್ಗೆ ಪುಷ್ಪ ಕಡಬದಿಂದ ಬಂದಳು. ವೆಂಟಿಲೇಟರ್ ಬೇಕಾ ಬೇಡವಾ ಎಂದು ಮನೆಯವರೇ ಹೇಳಬೇಕಿತ್ತು. ಹಾಕಿದರೆ ಮತ್ತೆ ತೆಗೆಯಲು ಆಗುತ್ತದೆ ಎಂಬ ಭರವಸೆ ಇಲ್ಲ, ಹೃದಯವೂ ಬಲವಾಗಿಲ್ಲ ಎಂದು ಡಾಕ್ಟರ್ ವಿವರಿಸಿದರು. ಹಾಕಿ, ಹಾಕಿ ಎಂದು ನಾನೇ ಎಲ್ಲರಿಗಿಂತ ಜೋರಾಗಿ ಹೇಳಿದೆ. ಸೊಸೆಗೆ ಎಷ್ಟು ಪ್ರೀತಿ ನೋಡಿ ಎಂದು ಪಕ್ಕದ ಬೆಡ್ಡಿನವರು ಅಂದದ್ದು ಕೇಳಿಸಿತು. ಅದು ಪ್ರೀತಿಯಾಗಿರಲಿಲ್ಲ. ಅತ್ತೆ ಬದುಕಿದರೆ ನಾನು ಬಚಾವಾಗುತ್ತೇನೆ, ಅಷ್ಟೇ ನನ್ನ ಯೋಚನೆ. ಅವರ ಗಂಟಲಿಗೆ ಕೊಳವೆ ತುರುಕಿಯಾದರೂ ಸರಿ, ನನ್ನ ತಪ್ಪು ತೊಳೆದುಹೋಗಬೇಕಿತ್ತು.

"ಬೇಡ ಅತ್ತಿಗೆ. ಅಮ್ಮನಿಗೆ ಕೊಳವೆ ಬೇಡ" ಎಂದಳು ಪುಷ್ಪ. ಗಂಡನೂ ತಲೆ ಆಡಿಸಿದರು. ಮಾಸ್ಕ್, ಆ್ಯಂಟಿಬಯೋಟಿಕ್, ಉಸಿರಿನ ಕಷ್ಟ ಕಡಿಮೆ ಮಾಡುವ ಇಂಜೆಕ್ಷನ್, ಇಷ್ಟು ಸಾಕೆಂದು ನಿರ್ಧಾರವಾಯಿತು.

ಶುಕ್ರವಾರ ಬೆಳಿಗ್ಗೆ ಸ್ಯಾಚುರೇಶನ್ ತೊಂಬತ್ತು ದಾಟಿತು. ಅತ್ತೆ ಕಣ್ಣು ಬಿಟ್ಟರು. ಪುಷ್ಪ ಮುಖ ತೊಳೆಯಲು ಹೋಗಿದ್ದಳು. ಹತ್ತಿರ ಇದ್ದದ್ದು ನಾನೊಬ್ಬಳೇ. ಅತ್ತೆ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. ಮಾಸ್ಕಿನ ಒಳಗಿಂದ ಏನೋ ಹೇಳಿದರು. ಕಿವಿ ಹತ್ತಿರ ಇಟ್ಟೆ.

ಗೇಟು ಹಾಕದೆ ಎಲ್ಲರೂ ಇಲ್ಲಿ ಎಂತ ಮಾಡ್ತಿದ್ದೀರಿ ಎಂದು ಬೈಯುತ್ತಿದ್ದರು. ಅರೆಭಾಷೆಯಲ್ಲಿ.

ನನ್ನ ಅತ್ತೆ ಬಂದಿದ್ದರು. ನನ್ನನ್ನು ಗುರುತು ಹಿಡಿದು, ನನಗೆ ಸಲ್ಲಬೇಕಾದ ಮಾತನ್ನೇ ಆಡಿದ್ದರು. ಹಾಕಿದ್ದೇನೆ ಅತ್ತೆ ಎಂದೆ. ಅಳು ಬಂತು. ಆ ಬೈಗುಳವನ್ನು ಕೇಳುತ್ತಾ ಎಷ್ಟು ಹೊತ್ತು ಬೇಕಾದರೂ ಕೂರುತ್ತಿದ್ದೆ. ಪುಷ್ಪ ಬರುವಷ್ಟರಲ್ಲಿ ಅವರಿಗೆ ಮತ್ತೆ ಜೊಂಪು ಹತ್ತಿತ್ತು. ಶನಿವಾರ ಮಧ್ಯಾಹ್ನ ಉಸಿರು ನಿಧಾನವಾಯಿತು, ನಡುನಡುವೆ ನಿಂತು ನಿಂತು ಹೋಯಿತು. ನಾನು ಹತ್ತಿಯಲ್ಲಿ ತುಟಿ ಒದ್ದೆ ಮಾಡುತ್ತಿದ್ದೆ. ಮೂರು ಗಂಟೆಯ ಸುಮಾರಿಗೆ ನಿಂತಿತು.

ಉತ್ತರಕ್ರಿಯೆಯ ದಿನ ಬಂದವರೆಲ್ಲ ನನ್ನನ್ನು ಹೊಗಳಿದರು. ಮಗಳಿಗಿಂತ ಹೆಚ್ಚು ನೋಡಿಕೊಂಡಳು ಎಂದರು. ಪುಷ್ಪಳೂ ಎಲ್ಲರೆದುರು, "ಅತ್ತಿಗೆ ಇದ್ದದ್ದಕ್ಕೆ ಅಮ್ಮ ಇಷ್ಟು ದಿನ ಇದ್ದದ್ದು" ಎಂದಳು. ಪಾತ್ರೆ ತೊಳೆಯುವಾಗ ಅವಳೊಬ್ಬಳಿಗೇ ಹೇಳಿಬಿಟ್ಟೆ. ಬುಧವಾರ ಬೆಳಿಗ್ಗೆ ನನಗೆ ಗೊತ್ತಾಗಿತ್ತು ಪುಷ್ಪ, ಗೊತ್ತಾಗಿಯೂ ಗೃಹಪ್ರವೇಶಕ್ಕೆ ಹೋದೆ.

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಚೀಲ ತೆಗೆದುಕೊಂಡು ಬಸ್ಸಿಗೆ ಹೋದಳು.

ಒಂದು ತಿಂಗಳು ಫೋನಿಲ್ಲ. ನಾನೂ ಮಾಡಲಿಲ್ಲ. ಗಂಡನಿಗೂ ಹೇಳಿದೆ. ಅವರು, ಇಡೀ ದಿನ ಮನೆಯಲ್ಲಿದ್ದವನು ನಾನು, ನನಗೇ ಕಾಣಲಿಲ್ಲ ಎಂದು ತಮ್ಮ ತಲೆಗೇ ಹಾಕಿಕೊಂಡರು. ಆಮೇಲೆ ಆ ಮಾತೇ ಬೇಡ ಎಂದರು.

ಕಳೆದ ವಾರ ಒಂದು ಬೆಳಿಗ್ಗೆ ಪುಷ್ಪ ಹೇಳದೆ ಕೇಳದೆ ಬಂದಳು. ಜಗಲಿಯಲ್ಲಿ ಕೂತಳು. "ಸೋಮವಾರದಿಂದ ಹೇಳಿ ಅತ್ತಿಗೆ. ಒಂದೂ ಬಿಡ್ಬೇಡಿ" ಎಂದಳು.

ಹೇಳಿದೆ. ಅಮ್ಮ ಯಾವ ಸೀರೆ ಉಟ್ಟಿದ್ದರು, ಗಂಜಿಗೆ ಎಂತ ಹಾಕಿದ್ದಿರಿ, ಕೈ ಹಿಡಿದಾಗ ಕೈ ಬೆಚ್ಚಗಿತ್ತಾ, ಎಲ್ಲ ಕೇಳಿದಳು. ನನ್ನ ಪಾಪ ಒಪ್ಪಿಕೊಳ್ಳುವುದೊಂದೇ ನನ್ನ ತಲೆಯಲ್ಲಿತ್ತು. ಅವಳಿಗೆ ಬೇಕಾದದ್ದು ಅವಳ ಅಮ್ಮನ ಕೊನೆಯ ದಿನಗಳು. ಮಾತು ಬುಧವಾರ ಬೆಳಿಗ್ಗೆಗೆ ಬಂತು. ಹೇಳಿ ಎಂದಳು. ಉಸಿರು, ಮೂಗಿನ ಹೊಳ್ಳೆ, ಫ್ಯಾನು, ನನ್ನ ಸೀರೆ, ಎಲ್ಲ ಹೇಳಿದೆ.

ಪುಷ್ಪ ರಸ್ತೆಯ ಕಡೆಗೆ ತಿರುಗಿದಳು. ಎರಡು ಲಾರಿ ಘಟ್ಟದ ಕಡೆಗೆ ಹೋದವು.

"ನಾನಾಗಿದ್ರೆ ಹೋಗ್ತಿರ್ಲಿಲ್ಲ ಅಂತ ಹೇಳ್ಬೇಕು ಅಂತಲೇ ಬಂದದ್ದು ಅತ್ತಿಗೆ" ಎಂದಳು. "ಹೇಳ್ಲಿಕ್ಕೆ ಆಗುದಿಲ್ಲ. ನೀವು ಇದ್ದಿರಿ, ಅದಕ್ಕೇ ನಿಮಗೆ ಕಂಡದ್ದು. ನಾನು ಇರ್ಲೇ ಇಲ್ಲ ಅಲ್ಲ."

ಕ್ಷಮೆ ಎಂಬ ಶಬ್ದ ಅವಳ ಬಾಯಲ್ಲಿ ಬರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅವಳು ಕೊಡಬೇಕಾಗುತ್ತದೆ, ಕೊಟ್ಟರೆ ನಾನು ಮರೆಯಬೇಕಾಗುತ್ತದೆ. ಅಕ್ಕಿ ಇಡ್ತೇನೆ, ಊಟ ಮಾಡಿ ಹೋಗು ಎಂದೆ. ಅವಳು ಬೇಡ ಎನ್ನಲಿಲ್ಲ. ಎದ್ದು ಒಳಗೆ ಬಂದು ತೆಂಗಿನಕಾಯಿ ತುರಿಯಲು ಕೂತಳು.