ಹೆಣದ ಕೈಗಾಡಿ

ಗ್ರೀಕರ ಹಳೆಯ ದುರಂತ ನಾಟಕಗಳಲ್ಲಿ ಸಾವು ಸಾಮಾನ್ಯವಾಗಿ ಪ್ರೇಕ್ಷಕರ ಕಣ್ಣೆದುರು ನಡೆಯುವುದಿಲ್ಲ. ಒಳಗಿನಿಂದ ಕೂಗು ಕೇಳುತ್ತದೆ, ಬಾಗಿಲು ತೆರೆಯುತ್ತದೆ, ಗಾಲಿಯ ಹಲಗೆಯ ಮೇಲೆ ಹೆಣ ಹೊರಗೆ ಬರುತ್ತದೆ. ಕಾಲೇಜಿನಲ್ಲಿ ಓದಿದ್ದ ಇದನ್ನು ಗೋವಾದ ವಾಸ್ಕೋದಲ್ಲಿ, ನಮ್ಮ ಓಣಿಯಲ್ಲಿ ಆಡಿಸುವ ಹುಚ್ಚು ನನಗೆ. ಬಂದರಿನಲ್ಲಿ ಮೂಟೆ ಹೊರುವ ಎಂಟು ಜನ ಒಪ್ಪಿದರು. ಏಳು ಜನ ಮೇಳ. ಹೊಸದಾಗಿ ಮದುವೆಯಾದವನೊಬ್ಬ ಹೆಣ.

ಓಣಿಯ ಅಂಗಳ ಇಳಿಜಾರು. ಅದರ ತುದಿಗೆ ಗೋಡೆಯಿಲ್ಲ, ಎರಡಾಳಿನಷ್ಟು ಕೆಳಗೆ ರಸ್ತೆ. ಕೈಗಾಡಿ ನಿಂತ ಕೂಡಲೇ ಅದು ಉರುಳದಂತೆ ಗಾಲಿಗೆ ಕಟ್ಟಿಗೆ ತುಂಡು ಕೊಡುವುದು ಹಮಾಲರ ರೂಢಿ. ತಾಲೀಮಿನಲ್ಲೂ ಕೊಡುತ್ತಿದ್ದರು. ನಾಟಕದ ಅರಮನೆಯ ಮುಂದೆ ಅದು ಕಾಣಬಾರದೆಂದು ನಾನೇ ತೆಗೆಸಿದೆ.

“ಸತ್ತಾಂವ ಓಡಂಗಿಲ್ರಿ ಸರ, ಗಾಡಿ ಓಡತೈತಿ,” ಎಂದ ಮೇಳದ ಹಿರಿಯ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಭಾನುವಾರ ಸಂಜೆ, ಬಿಸಿಲು ಇನ್ನೂ ಇತ್ತು. ನಡುವೆ ದಾರಿ ಬಿಟ್ಟು ಜನ ಎರಡೂ ಬದಿಗೆ ಕೂತಿದ್ದರು. ಹೆಣ ಬಂತು. ಮೇಳದವರು ಎದೆ ಬಡಿದುಕೊಂಡು ಅಳಲು ಗಾಡಿಯ ಕೈ ಬಿಟ್ಟರು. ಗಾಡಿ ಮೆಲ್ಲಗೆ ಹೊರಟಿತು. ಯಾರೋ ತಳ್ಳುತ್ತಿದ್ದಾರೆಂದೇ ನಾನು ತಿಳಿದೆ. ಬಿಟ್ಟ ಗಾಡಿಯ ಮುಂದೆ ನಿಲ್ಲಬಾರದೆಂಬುದು ಬಂದರಿನ ಮೊದಲ ಪಾಠ. ಏಳೂ ಜನ ಒಮ್ಮೆಲೇ ಬದಿಗೆ ಸರಿದರು. ಜನ ಇದೂ ಆಟವೆಂದುಕೊಂಡು ಸುಮ್ಮನೆ ನೋಡಿದರು.

“ಏಳೋ! ಜಿಗಿಯೋ!” ಎಂದು ಕಿರುಚಿದೆ. ಅವನು ಅಲುಗಲಿಲ್ಲ. ಏನೇ ಕೇಳಿಸಿದರೂ ಕಣ್ಣು ತೆರೆಯಬೇಡವೆಂದು ಹೇಳಿದ್ದವನು ನಾನೇ. ಆ ನಾಲ್ಕೈದು ಕ್ಷಣಗಳು ಈಗಲೂ ಕಣ್ಣ ಮುಂದೆ ಬರುತ್ತವೆ, ಬಸ್ಸಿನಲ್ಲಿ, ಊಟಕ್ಕೆ ಕೂತಾಗ. ಪ್ರತಿ ಸಲವೂ ನಾನು ನಿಂತಲ್ಲೇ ನಿಂತಿರುತ್ತೇನೆ.

ಹೆಂಗಸರ ನಡುವಿನಿಂದ ಅವನ ಹೆಂಡತಿ ಎದ್ದಳು. “ರೀ! ಖರೇನ ಸಾಯ್ತೀರಿ, ಉರುಳ್ರಿ!”

ಆ ದನಿಗೆ ಅವನು ಗಾಡಿಯಿಂದ ಕೆಳಗೆ ಉರುಳಿದ.

“ಏ, ಹೆಣ ಎದ್ದಿತಲೇ!” ಎಂದು ಯಾರೋ ನಕ್ಕರು, ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಹಲಗೆ ಮುರಿದ ಸದ್ದು. ಚಪ್ಪಾಳೆ ನಿಂತಿತು. ಪುಣ್ಯಕ್ಕೆ ರಸ್ತೆ ಖಾಲಿ ಇತ್ತು.

ಗಂಡನ ತರಚಿದ ಮೊಣಕೈಯನ್ನು ಸೆರಗಿನಿಂದ ಒತ್ತಿ ಹಿಡಿದು ಅವಳು ನನ್ನತ್ತ ನೋಡಿದಳು. “ನಾಟಕ ಚಲೋ ಐತ್ರಿ ಸರ. ಮುಂದಿನ ಐತವಾರ ಹೆಣ ನೀವ ಆಗ್ರಿ.”

ಆ ಭಾನುವಾರ ನಾನೇ ಹೆಣ ಆದೆ. ಬೇರೆ ಗಾಡಿ ತಂದಿದ್ದರು. ಮೇಳದ ಹಿರಿಯ ನನ್ನನ್ನು ಕೇಳಲೂ ಇಲ್ಲ, ನಾಲ್ಕೂ ಗಾಲಿಗೆ ಕಟ್ಟಿಗೆ ಕೊಟ್ಟ. ಆದರೂ ಅವರು ಕೈ ಬಿಟ್ಟಾಗ ನಾನು ಕಣ್ಣು ತೆರೆದೆ.