ಎರಡು ಸಲ ಹೇಳುವ ಬಾಬಣ್ಣ

ಊಟದ ಪಂಕ್ತಿಯಲ್ಲಿ ಹಪ್ಪಳದ ಬುಟ್ಟಿ ಬಂತೆಂದರೆ ಬಾಬಣ್ಣ ಎರಡೂ ಅಂಗೈಗಳನ್ನು ಬಾಳೆಲೆಯ ಮೇಲೆ ಕವುಚಿ ಹಿಡಿಯುತ್ತಿದ್ದರು. ಬೇಡ ಎನ್ನಲಿಕ್ಕೆ ನಾವೆಲ್ಲ ಒಂದು ಕೈ ಅಡ್ಡ ಹಿಡಿಯುತ್ತೇವೆ, ಅದೂ ಬಡಿಸುವವರು ಸ್ವಲ್ಪ ಒತ್ತಾಯ ಮಾಡಲಿ ಎಂಬ ಆಸೆಯಿಂದಲೇ. ಇವರದ್ದು ಹಾಗಲ್ಲ. ಎಲೆಯಲ್ಲಿ ಸಾರನ್ನ ಇದ್ದರೆ ಸಾರನ್ನದ ಮೇಲೆಯೇ ಕೈ. ಬುಟ್ಟಿ ಹತ್ತು ಎಲೆ ದಾಟಿ ಹೋಗುವವರೆಗೆ ತೆಗೆಯುತ್ತಿರಲಿಲ್ಲ. ಪಾಯಸ ಕೇಳಿ ಹಾಕಿಸಿಕೊಳ್ಳುವ, ಉಪ್ಪಿನಕಾಯಿಯನ್ನು ಬೆರಳು ಸಮೇತ ಚೀಪುವ ಮನುಷ್ಯನಿಗೆ ಹಪ್ಪಳ ಏನು ಅನ್ಯಾಯ ಮಾಡಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಮಿಲಿಟ್ರಿಯಲ್ಲಿ ಹಲ್ಲು ಹೋಗಿದೆ ಎಂದರು ಕೆಲವರು. ಹಲ್ಲು ಮೂವತ್ತೆರಡೂ ಗಟ್ಟಿಯಿದ್ದವು, ಅವರು ಕಬ್ಬು ಸಿಗಿಯುವುದನ್ನು ನಾನೇ ಕಂಡಿದ್ದೇನೆ.

ಫಿರಂಗಿ ದಳದಲ್ಲಿ ಹವಾಲ್ದಾರರಾಗಿದ್ದು, ಎಪ್ಪತ್ತೊಂದರ ಯುದ್ಧ ಮುಗಿದು ಎರಡು ಮೂರು ವರ್ಷಕ್ಕೆ ಪೆನ್ಶನ್ ತೆಗೆದುಕೊಂಡು ಬಂದವರು ಬಾಬಣ್ಣ. ಬಂದವರು ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಖಾಸಗಿ ಬಸ್ಸುಗಳ ಟೈಂ ಕೀಪರ್ ಆದರು. ಕುತ್ತಿಗೆಯಲ್ಲಿ ಸೀಟಿ, ಕಿಸೆಯಲ್ಲಿ ಉದ್ದ ಪುಸ್ತಕ, ಕೈಯಲ್ಲಿ ವಾಚು. "ಮೂಡಬಿದಿರೆ ಎಂಟು ಇಪ್ಪತ್ತು. ಮೂಡಬಿದಿರೆ ಎಂಟು ಇಪ್ಪತ್ತು." ಮುಖ್ಯವಾದದ್ದು ಏನೇ ಇರಲಿ ಎರಡು ಸಲ. ಸೈನ್ಯದಲ್ಲಿ ಅವರ ಕೆಲಸ ದಿಬ್ಬದ ಮೇಲೆ ಕೂತು ದುರ್ಬೀನಿನಲ್ಲಿ ನೋಡುವುದು, ಎಲ್ಲಿಗೆ ಹೊಡೆಯಬೇಕೆಂದು ಮೈಲಿಗಟ್ಟಲೆ ಹಿಂದೆ ನಿಂತ ಫಿರಂಗಿಯವರಿಗೆ ಫೋನಿನಲ್ಲಿ ನಂಬರ್ ಕೊಡುವುದು. ಇತ್ತಲಿಂದ ಎರಡು ಸಲ ಹೇಳಬೇಕು, ಅತ್ತಲಿಂದ ಎರಡು ಸಲ ಒಪ್ಪಿಸಬೇಕು. ಆ ಅಭ್ಯಾಸ ಬಸ್ಸಿಗೂ ಅಂಟಿಕೊಂಡಿತ್ತು. ಹಾಗಾದರೆ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದಾ ಎಂದು ಕೇಳಿದರೆ ಮಾತ್ರ ಒಂದೇ ಸಲ "ಬರಬಹುದು" ಎನ್ನುತ್ತಿದ್ದರು.

"ಅದನ್ನು ಯಾಕೆ ಎರಡು ಸಲ ಹೇಳುದಿಲ್ಲ?" ಎಂದು ನಾನೊಮ್ಮೆ ಛೇಡಿಸಿದ್ದೆ.

"ಖಾತ್ರಿ ಇಲ್ಲದ್ದನ್ನು ಎರಡು ಸಲ ಹೇಳಬಾರ್ದು ಟೀಚರೇ. ಎರಡು ಸಲ ಹೇಳಿದ್ರೆ ಆಚೆಯವರು ನಂಬ್ತಾರೆ."

ನಾನು ಅಲ್ಲಿನ ಶಾಲೆಯೊಂದರಲ್ಲಿ ಟೀಚರ್. ಬೆಳ್ತಂಗಡಿಯಿಂದ ದಿನಾ ಬಂದು ಹೋಗುವವಳು. ನನ್ನ ಬಾಯಿ ಸ್ವಲ್ಪ ಜೋರು, ಉತ್ಸಾಹ ಅದಕ್ಕಿಂತ ಜೋರು. ಎಪ್ಪತ್ತೊಂದರಲ್ಲಿ ಯುದ್ಧ ಆಗುತ್ತದೆಂದು ರೇಡಿಯೋದಲ್ಲಿ ಕೇಳಿ ಕೇಳಿ ಊರಿಗೆ ಊರೇ ಬಿಸಿಯಾಗಿದ್ದಾಗ, ಜವಾನರಿಗೆ ಏನಾದರೂ ಕಳಿಸುವ ಎಂದು ಹೊರಟವಳು ನಾನೇ. ಬೇರೆ ಕಡೆಯವರು ಉಣ್ಣೆಯ ಸ್ವೆಟರ್ ಹೆಣೆದು ಕಳಿಸುತ್ತಾರೆಂದು ಪೇಪರಿನಲ್ಲಿ ಬರುತ್ತಿತ್ತು. ನಮ್ಮಲ್ಲಿ ಉಣ್ಣೆಯನ್ನು ಕಂಡವರು ಯಾರು? ನಮ್ಮಲ್ಲಿ ಇರುವುದು ಹಲಸು. ಮಕ್ಕಳು ಮನೆಮನೆಯಿಂದ ಹಪ್ಪಳ ತಂದರು. ಬೀಡಿ ಕಟ್ಟುವ ದೇಯಕ್ಕ ಒಂದು ದೊಡ್ಡ ಕಟ್ಟನ್ನೇ ಬಾಳೆಯ ನಾರಿನಲ್ಲಿ ಬಿಗಿದು ತಂದು, ಜೊತೆಗೆ ಮಗ ಸಂಜೀವನ ಮಿಲಿಟ್ರಿ ವಿಳಾಸ ಬರೆದ ಇನ್‌ಲ್ಯಾಂಡ್ ಪತ್ರವನ್ನೂ ಕೊಟ್ಟರು. ನಮ್ಮ ಕಡೆಯ ನಾಲ್ಕು ಹುಡುಗರ ವಿಳಾಸ ಸಿಕ್ಕಿತು. ನಾಲ್ಕು ಬಿಸ್ಕತ್ತಿನ ಡಬ್ಬಿಗಳಲ್ಲಿ ಹಪ್ಪಳ ತುಂಬಿಸಿ, ಮುಚ್ಚಳದ ಮೇಲೆ ನೀಲಿ ಪೈಂಟಿನಲ್ಲಿ ಶಾಲೆಯ ಹೆಸರು ಬರೆಸಿದೆ. ಡಬ್ಬಿ ಮುಚ್ಚುವಾಗ ನನಗೊಂದು ಬುದ್ಧಿ ಹೊಳೆಯಿತು. ಹಪ್ಪಳ ಏನೋ ಸರಿ, ಅಲ್ಲಿ ಎಣ್ಣೆ ಯಾರು ಕೊಡುತ್ತಾರೆ? ಪ್ರತಿಯೊಂದರಲ್ಲೂ ಒಂದೊಂದು ಸಣ್ಣ ಬಾಟ್ಲಿ ತೆಂಗಿನೆಣ್ಣೆ ಇಟ್ಟೆ. ಹೆಡ್ಮಾಸ್ಟರು ನನ್ನ ಮುಂದಾಲೋಚನೆಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹೊಗಳಿದರು.

ಡಿಸೆಂಬರಿನಲ್ಲಿ ಸಂಜೀವ ಯುದ್ಧದಲ್ಲಿ ತೀರಿಕೊಂಡ. ತಂತಿ ಬಂದ ದಿನ ಅಂಗಡಿಗಳು ಬಾಗಿಲು ಹಾಕಿದವು. ಅವನೂ ಬಾಬಣ್ಣನೂ ಒಂದೇ ದಳದವರು, ಅವನ ಕೆಲಸ ಫೋನಿನ ತಂತಿ ಎಳೆಯುವುದು, ಕಡಿದರೆ ಜೋಡಿಸುವುದು. ಶತ್ರುವಿನ ಗುಂಡಿಗೆ ಸತ್ತ ಎಂದು ಎಲ್ಲರೂ ಹೇಳಿದರು. ಹಾಗೆಂದು ಬಂದ ಟೆಲಿಗ್ರಾಮಿನಲ್ಲಿ ಇರಲಿಲ್ಲ. ಆದರೆ ಸೈನಿಕ ಮತ್ತೆ ಯಾರ ಗುಂಡಿಗೆ ಸಾಯುತ್ತಾನೆ?

ಬಾಬಣ್ಣ ಊರಿಗೆ ಬಂದ ಮೇಲೆ ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಅವರದ್ದೇ ಭಾಷಣ. ಅದನ್ನು ಬರೆದಿಟ್ಟುಕೊಂಡು ವಾರ್ಷಿಕ ಸಂಚಿಕೆಗೆ ಕೊಡುವ ಕೆಲಸ ನನ್ನದು. ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಒಂದು ವರ್ಷ ಹೇಳಿದರು: "ರೈಲು ನಿಂತಲ್ಲೆಲ್ಲ ಹೆಂಗಸರು ರೊಟ್ಟಿ ತಂದು ಕೊಟ್ಟರು, ಹಣೆಗೆ ಕುಂಕುಮ ಇಟ್ಟರು. ಭಾಷೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆ ರೊಟ್ಟಿಯ ಬಲದಲ್ಲಿ ನಾವು ನಿಂತದ್ದು." ಚಪ್ಪಾಳೆಯೋ ಚಪ್ಪಾಳೆ. ಮರುವರ್ಷ ಅದೇ ಮೈಕಿನ ಮುಂದೆ ನಿಂತು, "ನೀವು ಚಪ್ಪಾಳೆ ತಟ್ಟುದು ನಮಗೋ, ಯುದ್ಧಕ್ಕೋ, ಅದು ನನಗೆ ಅರ್ಥ ಆಗುದಿಲ್ಲ. ಜವಾನನಿಗೆ ಏನೂ ಕಳಿಸ್ಬೇಡಿ. ಕಾಗದ ಬರೀರಿ, ಸಾಕು" ಎಂದು ಹೇಳಿ ಕೂತರು. ಹೆಡ್ಮಾಸ್ಟರು ನನ್ನ ಮುಖ ನೋಡಿದರು, ನಾನು ಪುಸ್ತಕದ ಮುಖ ನೋಡಿದೆ. ಯಾವುದನ್ನು ಬರೆಯಲಿ? ಸಂಜೆ ಜಂಕ್ಷನ್ನಿನಲ್ಲಿ ಕೇಳಿದೆ, ನಿಮ್ಮ ಅಭಿಪ್ರಾಯ ಯಾವುದು ಬಾಬಣ್ಣ ಎಂದು. "ಎರಡೂ ನನ್ನದೇ. ಎರಡೂ ನನ್ನದೇ" ಎಂದರು. ಸಿಟ್ಟು ಬಂತು. ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ ಎಂದು ಅಂದುಕೊಂಡೆ.

ಆಮೇಲೆ ಬೋರ್ಡಿನ ಗಲಾಟೆಯಾಯಿತು. ಸಂಜೀವ ನಮ್ಮ ಶಾಲೆಯಲ್ಲೇ ಕಲಿತವನಾದ್ದರಿಂದ ಜಗಲಿಯಲ್ಲಿ ಅವನ ಹೆಸರಿನ ಬೋರ್ಡು ಹಾಕುವುದೆಂದು ತೀರ್ಮಾನವಾಗಿ, "ಶತ್ರುವಿನ ಗುಂಡಿಗೆ ಎದೆಯೊಡ್ಡಿ" ಎಂಬ ಸಾಲನ್ನು ನಾನೇ ರಚಿಸಿ ಕೊಟ್ಟಿದ್ದೆ. ಪೈಂಟರು ಬರೆಯುತ್ತಿದ್ದಾಗ ಬಾಬಣ್ಣ ಬಂದು ನಿಂತು ಓದಿ, "ಆ ಮೊದಲನೇ ಶಬ್ದ ತೆಗೀರಿ" ಎಂದರಂತೆ. ಪೈಂಟರು ಒಪ್ಪಲಿಲ್ಲ. ಇವರು ಪಕ್ಕದಲ್ಲಿದ್ದ ಸುಣ್ಣದ ಬ್ರಶ್ಶು ಎತ್ತಿ ಸಾಲಿಗೆ ಸಾಲನ್ನೇ ಬಳಿದುಬಿಟ್ಟರು. ಊರು ಎರಡು ದಿನ ಅದನ್ನೇ ಮಾತಾಡಿತು. ಸತ್ತವನಿಗೆ ಬೋರ್ಡು, ಬದುಕಿ ಬಂದವನಿಗೆ ಸೀಟಿ; ಹೊಟ್ಟೆಕಿಚ್ಚು ಇಲ್ಲದೆ ಇರುತ್ತದಾ ಎಂದರು. ನಾನೂ ಅದನ್ನೇ ನಂಬಿದೆ. ನನ್ನ ಸಾಲಿಗೆ ಸುಣ್ಣ ಬಳಿದದ್ದು ನನಗೆ ಇನ್ನೂ ಉರಿಯುತ್ತಿತ್ತು. ನೇರ ಜಂಕ್ಷನ್ನಿಗೆ ಹೋಗಿ ಕೇಳಿದೆ.

ಅವರು ಬಸ್ಸಿನ ಪುಸ್ತಕ ಮುಚ್ಚಿದರು. "ಶತ್ರು ಅಲ್ಲ ಟೀಚರೇ. ಶತ್ರು ಅಲ್ಲ. ನಮ್ಮ ಗುಂಡು. ನಂಬರ್ ಕೊಟ್ಟದ್ದು ನಾನು."

ಅವರು ಹೇಳಿದ್ದು ಇಷ್ಟು. ಅವರಿದ್ದ ದಿಬ್ಬದ ಮುಂದೆ, ದೂರದಲ್ಲಿ, ಹೊಲದ ನಡುವೆ ಒಂದು ಖಾಲಿ ಗುಡಿಸಲು. ಹಿಂದಿನ ದಿನ ಅಲ್ಲಿ ಗಡಿಯಾಚೆಯವರು ಇದ್ದರು. ಆ ಬೆಳಿಗ್ಗೆ ಗುಡಿಸಲಿನಿಂದ ಹೊಗೆ ಎದ್ದಿತು. ನಮ್ಮವರು ಯಾರಾದರೂ ಮುಂದೆ ಇದ್ದಾರಾ ಎಂದು ಇವರು ಫೋನಿನಲ್ಲಿ ಕೇಳಿದರು. ಯಾರೂ ಇಲ್ಲ ಎಂದು ಉತ್ತರ ಬಂತು, ಎರಡು ಸಲ. ನಂಬರ್ ಕೊಟ್ಟರು, ಎರಡು ಸಲ. ಫಿರಂಗಿಯವರು ಒಪ್ಪಿಸಿದರು, ಎರಡು ಸಲ. ಗುಡಿಸಲು ಹೋಯಿತು. ಇನ್ನೊಂದು ಕಡೆಯ ತಂತಿ ಜೋಡಿಸಲೆಂದು ಹೋದ ಸಂಜೀವ ಮಧ್ಯಾಹ್ನವಾದರೂ ಹಿಂದೆ ಬರಲಿಲ್ಲ. ಹಿಂದಿನ ಸಂಜೆಯ ಟಪಾಲಿನಲ್ಲಿ ಅವನಿಗೆ ಊರಿನಿಂದ ಒಂದು ಡಬ್ಬಿ ಬಂದಿತ್ತು. ಮೋರ್ಚೆಯ ಕಂದಕದಲ್ಲಿ ಬೆಂಕಿ ಹಾಕಬಾರದು, ಹೊಗೆ ಶತ್ರುವಿಗೆ ಕಾಣುತ್ತದೆ. ಚಳಿಗೆ ತೆಂಗಿನೆಣ್ಣೆ ಬಾಟ್ಲಿಯೊಳಗೆ ಕಲ್ಲಾಗಿತ್ತು, ಅದನ್ನು ಕರಗಿಸಲಿಕ್ಕೂ ಬೆಂಕಿ ಬೇಕು. ಅವನು ಡಬ್ಬಿಯನ್ನು ತಂತಿಯ ಚೀಲದಲ್ಲಿ ಹಾಕಿಕೊಂಡು, ಯಾರಿಗೂ ಹೇಳದೆ ಆ ಗುಡಿಸಲಿಗೆ ಹೋಗಿದ್ದ.

"ಹಪ್ಪಳ ಕಾಯಿಸ್ಲಿಕ್ಕೆ," ಎಂದರು ಬಾಬಣ್ಣ. "ಹಪ್ಪಳ ಕಾಯಿಸ್ಲಿಕ್ಕೆ. ಊಟದ ತಟ್ಟೆ ಸಿಕ್ಕಿತು, ಡಬ್ಬಿ ಸಿಕ್ಕಿತು. ಪಾಪ, ತಿಂದಿದ್ದನೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲ."

ವಿಚಾರಣೆ ಆಯಿತಂತೆ. ಎಲ್ಲರೂ ಕ್ರಮ ಪ್ರಕಾರವೇ ಮಾಡಿದ್ದರು. "ಯಾರ ತಪ್ಪೂ ಅಲ್ಲ ಅಂತ ಬರೆದ್ರು. ತಪ್ಪು ಎಲ್ಲಿಯೂ ಇಲ್ಲ, ಸಂಜೀವನೂ ಇಲ್ಲ. ಒಂದು ಶಿಕ್ಷೆಯಾದ್ರೂ ಕೊಟ್ಟಿದ್ರೆ ನನಗೆ ಮುಗೀತಿತ್ತು ಮಾರಾಯ್ರೇ."

ಆ ಹೊತ್ತಿಗೆ ಬಾಬಣ್ಣನ ದುಃಖ ಕೇಳಬೇಕಿತ್ತು, ಸಂಜೀವನಿಗಾಗಿ ಮರುಗಬೇಕಿತ್ತು. ನಾನು ಕೇಳಿದ್ದು ಬೇರೆ. "ಡಬ್ಬಿಯ ಮುಚ್ಚಳದ ಮೇಲೆ ಶಾಲೆಯ ಹೆಸರು ಇತ್ತಾ, ನೀಲಿ ಪೈಂಟಿನಲ್ಲಿ?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಹೆಸರು ಇರಲಿಲ್ಲ ಟೀಚರೇ" ಎಂದರು. ಅಷ್ಟರಲ್ಲಿ ಧರ್ಮಸ್ಥಳದ ಬಸ್ಸು ಬಂತು, ಸೀಟಿ ಊದುತ್ತಾ ಹೋದರು.

ನನಗೆ ಹೋದ ಜೀವ ಬಂದ ಹಾಗಾಯಿತು. ಆಗ ಮೂಡಬಿದಿರೆಯ ಕಡೆಯವರೂ ಕಳಿಸಿದ್ದರು, ಬಂಟ್ವಾಳದವರೂ ಕಳಿಸಿದ್ದರು, ಯಾರದ್ದೋ ಡಬ್ಬಿ ಇರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಅವರೂ ತೆಂಗಿನೆಣ್ಣೆ ಇಟ್ಟಿದ್ದರೋ ಎಂದು ಮಾತ್ರ ವಿಚಾರಿಸಲು ಹೋಗಲಿಲ್ಲ. ಬೋರ್ಡಿನ ಸಾಲನ್ನು ಬದಲಾಯಿಸಿ "ಯುದ್ಧದಲ್ಲಿ ಪ್ರಾಣ ಕೊಟ್ಟ" ಎಂದು ಬರೆಸಿದೆ. ಹೆಡ್ಮಾಸ್ಟರು ಕಾರಣ ಕೇಳಿದಾಗ, ಆ ಸಾಲು ಉದ್ದವಾಯಿತು, ಬೋರ್ಡಿನಲ್ಲಿ ಹಿಡಿಯುವುದಿಲ್ಲ ಎಂದೆ.

ಅಲ್ಲಿಂದ ನನಗೆ ಎಲ್ಲವೂ ಗೋಜಲು. ಬಾಬಣ್ಣನನ್ನು ಕಂಡರೆ ಪಾಪ ಎನಿಸುತ್ತಿತ್ತು, ಮರುಗಳಿಗೆಯಲ್ಲೇ ಇಷ್ಟು ದೊಡ್ಡ ಸಂಗತಿಯನ್ನು ನನ್ನ ತಲೆಗೆ ಯಾಕೆ ಕಟ್ಟಿದಿರಿ ಎಂದು ಜಗಳವಾಡಬೇಕು ಎನಿಸುತ್ತಿತ್ತು. ದೇಯಕ್ಕನಿಗೆ ಹೇಳಬೇಕೋ ಬೇಡವೋ ಎಂದು ಅವರು ನನ್ನನ್ನು ಎಷ್ಟೋ ಸಲ ಕೇಳಿದರು. ಒಮ್ಮೆ ಹೇಳಿ ಎಂದೆ, ಇನ್ನೊಮ್ಮೆ ಬೇಡವೇ ಬೇಡ ಎಂದೆ. ಮಗ ಶತ್ರುವನ್ನು ಎದುರಿಸಿ ಸತ್ತ ಎಂಬ ಒಂದು ಮಾತನ್ನು ಹಿಡಿದುಕೊಂಡು ದೇಯಕ್ಕ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರು. ಅದನ್ನು ಕಿತ್ತುಕೊಂಡರೆ ಉಳಿಯುವುದೇನು? ಹಾಗೆಂದು ಸುಳ್ಳಿಗೆ ಕೈಮುಗಿಸುತ್ತಾ ಇರುವುದು ಸರಿಯೇ? ಪಾಠ ಮಾಡುವಾಗ ಸತ್ಯದ ಮೇಲೆ ಗಂಟೆಗಟ್ಟಲೆ ಮಾತಾಡುವ ನಾನು, ಕೊನೆಕೊನೆಗೆ ಬಾಬಣ್ಣ ಆ ಮಾತೆತ್ತಿದರೆ ಬಸ್ಸಿನ ಹೊತ್ತು ಕೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಹತ್ತು ವರ್ಷ ಹೀಗೆಯೇ ಹೋಯಿತು. ಎಂಬತ್ತರ ದಶಕದ ನಡುವಿನ ಒಂದು ಆಟಿ ತಿಂಗಳು. ಆ ತಿಂಗಳಲ್ಲಿ ನಮ್ಮ ಕಡೆ ಸತ್ತವರಿಗೆ ಬಡಿಸುತ್ತಾರೆ. ಅವರಿಗೆ ಪ್ರೀತಿಯಾದ ಅಡುಗೆಯನ್ನೆಲ್ಲ ಒಳಗಿನ ಕೋಣೆಯಲ್ಲಿ ಎಲೆಗೆ ಹಾಕಿ, ಬಾಗಿಲು ಎಳೆದು, ಮನೆಯವರು ಹೊರಗೆ ಕೂತಿರುತ್ತಾರೆ. ಉಂಡಾಯಿತು ಎನಿಸಿದ ಮೇಲೆ ಬಾಗಿಲು ತೆಗೆದು ತಾವು ಉಣ್ಣುತ್ತಾರೆ. ದೇಯಕ್ಕನಿಗೆ ಕಣ್ಣು ಮಂಜಾಗಿತ್ತು, ಬೀಡಿ ಕಟ್ಟುವುದು ನಿಂತಿತ್ತು. "ಇನ್ನು ಎಷ್ಟು ಆಟಿ ನನಗೆ ಉಂಟು? ಬಾಬು, ಈ ಸಲ ನೀನು ಅವನ ಜೊತೆಯವನಾಗಿ ಬಂದು ಕೂತುಕೋ" ಎಂದು ಹೇಳಿ ಕಳಿಸಿದ್ದರು. ನನ್ನನ್ನೂ ಕರೆದಿದ್ದರು, ಮಗನಿಗೆ ಅಕ್ಷರ ಕಲಿಸಿದ ಶಾಲೆಯವಳೆಂದು.

ಮಧ್ಯಾಹ್ನ ಎಲೆಗೆ ಬಡಿಸಿದ್ದಾಯಿತು. ಕೋಳಿ, ಕೆಸುವಿನೆಲೆಯ ಪತ್ರೊಡೆ, ಕೊನೆಗೆ ಹಲಸಿನ ಹಪ್ಪಳ. ಬಾಗಿಲು ಎಳೆದು ಮೂವರೂ ಜಗಲಿಯಲ್ಲಿ ಕೂತೆವು. ಬಾಬಣ್ಣ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಶುರು ಮಾಡಿದರು. ಅವರಿಬ್ಬರ ಮಾತು ತುಳುವಿನಲ್ಲಿ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ದೇಯಕ್ಕ, ಹೊಗೆ ಕಂಡದ್ದು ನನಗೆ. ನಂಬರ್ ಕೊಟ್ಟದ್ದು ನಾನು. ನಾನೇ." ಎಲ್ಲವನ್ನೂ ಹೇಳಿದರು, ಗುಡಿಸಲು, ಡಬ್ಬಿ, ಎಣ್ಣೆ. ಹೇಳಿದ್ದನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದರು. ನಾನು ಸೆರಗು ಹಿಡಿದುಕೊಂಡು ಕೂತಿದ್ದೆ. ದೇಯಕ್ಕ ಎದ್ದು ಹೊಡೆಯುತ್ತಾರೆ, ಇಲ್ಲವೇ ಬಿದ್ದುಬಿಡುತ್ತಾರೆ ಎಂದು ಕಾದೆ.

ದೇಯಕ್ಕ ಬಾಯಿಯ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು, ಬಾಯಿ ಒರೆಸಿಕೊಂಡರು. ಆಮೇಲೆ ಕೇಳಿದರು.

"ಅಲ್ಲ ಬಾಬು, ಹಪ್ಪಳ ತಿಂದಿದ್ದನಾ ಅವನು?"

ಬಾಬಣ್ಣ ತಲೆ ಎತ್ತಿದರು. "ತಿಂದಿದ್ದ."

"ಹೂಂ" ಎಂದರು ದೇಯಕ್ಕ. ಅವರ ಮುಖ ಸ್ವಲ್ಪ ಸಡಿಲಾಯಿತು. ಗೋಡೆ ಹಿಡಿದುಕೊಂಡು ಎದ್ದು, ಬಾಗಿಲು ತೆಗೆದು, "ಬನ್ನಿ, ಉಣ್ಣುವ" ಎಂದರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಹಪ್ಪಳದ ತಟ್ಟೆ ಹಿಡಿದು ಬಾಬಣ್ಣನ ಎದುರು ಬಗ್ಗಿದಾಗ ಅವರ ಎರಡೂ ಕೈಗಳು ಅಭ್ಯಾಸಬಲದಿಂದ ಮೇಲೆದ್ದವು, ಅರ್ಧದಲ್ಲೇ ನಿಂತವು, ಮೆಲ್ಲನೆ ಮಡಿಲಿಗೆ ಇಳಿದವು. ದೇಯಕ್ಕ ಎರಡು ಹಪ್ಪಳ ಹಾಕಿದರು. ಬಾಬಣ್ಣ ಎರಡನ್ನೂ ತಿಂದರು.

ಅದೇ ನಮ್ಮ ಕೊನೆಯ ಭೇಟಿ. ಅದಾದ ಮೇಲೆ ಬಾಬಣ್ಣ ಬಂಟ್ವಾಳಕ್ಕೆ, ಮಗಳ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ನನಗೆ ಸುದ್ದಿ ತಲಪುವಾಗ ಹದಿಮೂರನೇ ದಿನದ ಬೊಜ್ಜವೂ ಕಳೆದಿತ್ತು. ಹೋಗಿ ಇನ್ನೊಮ್ಮೆ ಮಾತಾಡಿಸಬೇಕಿತ್ತು ಎಂದು ಈಗ ಅನಿಸುತ್ತದೆ. ಹೋಗಲು ಹೆದರಿದ್ದೆ ಎಂಬುದೂ ನಿಜ.

ಅವತ್ತು ಊಟ ಮುಗಿಸಿ ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದಿದ್ದರು. "ಬೆಳ್ತಂಗಡಿ ನಾಲ್ಕು ಹತ್ತು. ಬೆಳ್ತಂಗಡಿ ನಾಲ್ಕು ಹತ್ತು" ಎಂದರು. ಬಸ್ಸು ಬಂತು, ಹತ್ತಿದೆ, ಕಿಟಕಿಯಿಂದ ಕೈ ಆಡಿಸಿದೆ. ಟಿಕೆಟು ತೆಗೆದುಕೊಂಡು ಕೂತ ಮೇಲೆ ಹೊಳೆಯಿತು. ತಿಂದಿದ್ದ ಎಂಬ ಮಾತನ್ನು ಬಾಬಣ್ಣ ದೇಯಕ್ಕನಿಗೆ ಒಂದೇ ಸಲ ಹೇಳಿದ್ದರು. ಅಷ್ಟು ವರ್ಷಗಳ ಹಿಂದೆ ಜಂಕ್ಷನ್ನಿನಲ್ಲಿ, ಡಬ್ಬಿಯ ಮೇಲೆ ಹೆಸರು ಇರಲಿಲ್ಲ ಎಂದು ನನಗೆ ಹೇಳಿದ್ದೂ ಒಂದೇ ಸಲ.